ಏಳೂವರೆಗೆ ಎಚ್ಚರವಾಗಿರಬೇಕು

ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಂಗೀತ ಸಭಾಂಗಣದಲ್ಲಿ ನಾನು ನಿಂತುಕೊಂಡೇ ನಿದ್ದೆ ಮಾಡಿದ್ದೇನೆ. ಇದನ್ನು ಬರೆದುಕೊಳ್ಳೋಕೆ ನಾಲ್ಕು ವರ್ಷ ಬೇಕಾಯಿತು. ಕುರ್ಚಿಯಲ್ಲಿ ಕೂತು ತೂಕಡಿಸಿದರೆ ಯಾರೂ ಏನೂ ಅನ್ನಲ್ಲ, ಅದು ಎಲ್ಲ ಸಭೆಗಳಲ್ಲೂ ಇರುವುದೇ. ನಾನಿದ್ದದ್ದು ಸಭಾಂಗಣದ ಹಿಂದುಗಡೆ, ನಿಂತು ಕೇಳುವವರ ಜಾಗದಲ್ಲಿ. ಎರಡು ಕಾಫಿ, ಒಂದು ಕೇಕಿನ ದುಡ್ಡಿಗೆ ಸಿಗುವ ಟಿಕೆಟ್. ಮುಂದೆ ಒಂದು ಕಂಬಿ. ಆ ಕಂಬಿ ಸಿಗಲಿ ಅಂತಲೇ ಬೇಗ ಬಂದು, ಬಾಗಿಲು ತೆರೆದ ಕೂಡಲೇ ಓಡಿದ್ದೆ. ಕಂಬಿಯ ಮೇಲೆ ಎರಡೂ ಕೈ, ಕೈ ಮೇಲೆ ಗಲ್ಲ. ಆಮೇಲೆ ಗಲ್ಲದ ಬದಲು ಹಣೆ. 'ಒಂದೇ ನಿಮಿಷ ಕಣ್ಣು ಮುಚ್ಚಿಕೊಂಡು ಕೇಳೋಣ' ಅಂದುಕೊಂಡಿದ್ದು ನೆನಪಿದೆ.

ಅವತ್ತು ಬ್ರೂಕ್ನರ್‌ನ ಏಳನೇ ಸಿಂಫನಿ, ಅಂದರೆ ದೊಡ್ಡ ವಾದ್ಯವೃಂದಕ್ಕೆ ಅಂತ ಬರೆದ ನಾಲ್ಕು ಭಾಗಗಳ ಕೃತಿ. ಅದರ ಎರಡನೇ ಭಾಗ ನಿಧಾನದ್ದು, ಇಪ್ಪತ್ತು ನಿಮಿಷಕ್ಕೂ ಜಾಸ್ತಿ. ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತಾ ಹೋಗಿ, ತುತ್ತತುದಿಯಲ್ಲಿ ಒಂದು ಸಲ ಸಿಂಬಲ್ಸ್ ಬೀಳುತ್ತದೆ. ನಮ್ಮ ಭಜನೆ ತಾಳದ ದೊಡ್ಡಣ್ಣ ಅನ್ನಿ. ಒಂದು ಗಂಟೆಗೂ ಮೀರಿದ ಆ ಇಡೀ ಸಿಂಫನಿಯಲ್ಲಿ ಸಿಂಬಲ್ಸ್‌ಗೆ ಇರುವುದು ಆ ಒಂದೇ ಏಟು. ಆ ಏಟು ಬಿದ್ದಾಗಲೇ ನನಗೆ ಎಚ್ಚರವಾಗಿದ್ದು. ಬೆಚ್ಚಿಬಿದ್ದು ತಲೆ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಕಾಲೇಜು ಹುಡುಗನ ಕೈಯಲ್ಲಿ ಸ್ವರಲಿಪಿಯ ಪುಸ್ತಕ. ಅವನು ನನ್ನನ್ನು ನೋಡಿದ. ನಗಲಿಲ್ಲ, ಪಾಪ. ಹಾಳೆ ತಿರುಗಿಸಿದ.

ಚಿಕ್ಕವಳಿದ್ದಾಗ ಸಾಗರದ ಹತ್ತಿರದ ಅಜ್ಜಿಮನೆಯಲ್ಲಿ ಯಕ್ಷಗಾನದ ಆಟ ನೋಡೋಕೆ ಹೋದರೆ ಕಂಬಳಿ ಹಾಸಿ ಮಲಗಿಸುತ್ತಿದ್ದರು. ಮಹಿಷಾಸುರ ಬರುವ ಹೊತ್ತಿಗೆ ಅಜ್ಜಿ ಅಲ್ಲಾಡಿಸಿ ಎಬ್ಬಿಸುತ್ತಿದ್ದರು. ಕಣ್ಣು ಬಿಟ್ಟರೆ ಎದುರಿಗೇ ಪಂಜು, ಚಂಡೆ, ಕೂಗು. ಅದಕ್ಕೆ ಹಿಂದಿನ ಕಥೆ ಗೊತ್ತಿರಬೇಕಾದ್ದೇ ಇಲ್ಲ. ಮಹಿಷಾಸುರ ಮಹಿಷಾಸುರನೇ. ಬ್ರೂಕ್ನರ್‌ನ ಆ ಸಿಂಬಲ್ಸ್ ಹಾಗಲ್ಲ. ಅದಕ್ಕೆ ಮೊದಲಿನ ಹದಿನೈದು ಹದಿನಾರು ನಿಮಿಷ ಕಾದವರಿಗೆ ಮಾತ್ರ ಅದು ಏನೋ ಆಗಿರುತ್ತೆ. ನನಗೆ ಅವತ್ತು ಬರೀ ಸದ್ದು.

ಬಂದಿದ್ದೇ ಬಂದಿದ್ದೀವಿ

ತಪ್ಪು ಯಾರದ್ದು ಅಂತ ಹುಡುಕೋದೇನೂ ಬೇಡ, ನನ್ನ ಎಕ್ಸೆಲ್ ಶೀಟ್ ಇನ್ನೂ ಇದೆ. ಮ್ಯೂನಿಕ್‌ನಿಂದ ವಿಯೆನ್ನಾಕ್ಕೆ ರೈಲಿನಲ್ಲಿ ನಾಲ್ಕು ಗಂಟೆ. ಬೆಳಗಿನ ಜಾವ ಹೊರಟೆ. ಬ್ಯಾಗು ಲಾಕರಿಗೆ ಹಾಕಿ ಸೀದಾ ಶೋನ್‌ಬ್ರುನ್ ಅರಮನೆ. ಅಲ್ಲಿ 1,441 ಕೋಣೆಗಳಂತೆ, ಪುಣ್ಯಕ್ಕೆ ತೋರಿಸುವುದು ನಲವತ್ತೇ. ಅಲ್ಲಿಂದ ಸೇಂಟ್ ಸ್ಟೀಫನ್ ಚರ್ಚು, ಅದರ ದಕ್ಷಿಣ ಗೋಪುರಕ್ಕೆ 343 ಮೆಟ್ಟಿಲು. ಹತ್ತಿದೆ, ಇಳಿದೆ. ಆಮೇಲೆ ಬೆಲ್ವೆಡೇರ್ ಮ್ಯೂಸಿಯಂ, ಕ್ಲಿಮ್ಟ್‌ನ ಚಿನ್ನದ ಚಿತ್ರದ ಮುಂದೆ ಫೋನ್ ಎತ್ತಿ ಹಿಡಿದ ಐವತ್ತು ಜನರ ಬೆನ್ನು. ಚಾಕೊಲೇಟ್ ಕೇಕಿಗೆ ಮುಕ್ಕಾಲು ಗಂಟೆ ಸಾಲು. ಸಂಗೀತ ಕಚೇರಿಗೆ ನಿಂತಾಗ ಫೋನು 26,000 ಹೆಜ್ಜೆ ಅಂತ ಅಭಿನಂದನೆ ಹೇಳುತ್ತಿತ್ತು. ಶೀಟಿನಲ್ಲಿ ಎಲ್ಲಕ್ಕಿಂತ ಕೆಳಗಿನ ಸಾಲು: '7.30, ಕನ್ಸರ್ಟ್'. ಯಾವುದಕ್ಕೆ ಅಂತ ಹೊರಟಿದ್ದೆನೋ ಅದು ಪಟ್ಟಿಯ ಕೊನೆಗೆ ಹೋಗಿ ಕೂತಿತ್ತು.

ನಮ್ಮವರಿಗೆ ಇದೊಂದು ಮಾತಿದೆ, 'ಬಂದಿದ್ದೇ ಬಂದಿದ್ದೀವಿ, ನೋಡ್ಕೊಂಡೇ ಹೋಗೋಣ.' ಧರ್ಮಸ್ಥಳಕ್ಕೆ ಹೊರಟವರು ಹೊರನಾಡು, ಶೃಂಗೇರಿ, ಕೊಲ್ಲೂರು ಎಲ್ಲ ಒಂದೇ ಸುತ್ತಿನಲ್ಲಿ ಮುಗಿಸಿ, ಕೊನೆಗೆ ಯಾವ ದೇವಸ್ಥಾನದಲ್ಲಿ ಚಪ್ಪಲಿ ಕಳೆದದ್ದು ಅಂತ ಜಗಳ ಆಡುತ್ತಾರಲ್ಲ, ಅದೇ. ವೀಸಾ, ರೈಲು, ರೂಮಿನ ದುಡ್ಡು ಸೇರಿದರೆ ಈ ಮಾತಿಗೆ ಇನ್ನೂ ಬಲ ಬರುತ್ತೆ. ದುಡ್ಡು ಕೊಟ್ಟ ಮೇಲೆ ಸುಮ್ನೆ ಕೂರೋದು ಹೇಗೆ? ಆದರೆ ಸಂಜೆಯ ಕಚೇರಿಗೆ ಅಂತ ಹೋಗುವ ಪ್ರವಾಸದಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಎರಡು ಗಂಟೆಯ ಎಚ್ಚರವನ್ನು. ಉಳಿದ ಎಲ್ಲ ಅದಕ್ಕೆ ಅಡುಗೆಮನೆ ಕೆಲಸ.

ಹಿಂದಿನಿಂದ ಮುಂದಕ್ಕೆ

ಕಳೆದ ಚಳಿಗಾಲದಲ್ಲಿ ಅಪ್ಪ ಮೈಸೂರಿನಿಂದ ನನ್ನ ಹತ್ತಿರ ಬಂದಿದ್ದರು. ಅಪ್ಪನಿಗೆ ಅರವತ್ತೆಂಟು, ಎಡಮಂಡಿ ಆಗಾಗ ಕೈಕೊಡುತ್ತೆ. ವರ್ಷವರ್ಷವೂ ಎಂಟನೇ ಕ್ರಾಸಿನ ಗಣಪತಿ ಕಚೇರಿಗಳಿಗೆ ಮಡಚುವ ಕುರ್ಚಿಯಲ್ಲಿ ಕೂತು ತೊಡೆ ತಟ್ಟಿಕೊಂಡು ಬಂದ ಮನುಷ್ಯ. ಅವರನ್ನು ಕರೆದುಕೊಂಡು ಹೋಗುವುದೆಂದರೆ ಈ ಸಲ ಯೋಜನೆಯನ್ನು ತಲೆಕೆಳಗು ಮಾಡಲೇಬೇಕಿತ್ತು. ಮೊದಲು ಶೀಟಿನಲ್ಲಿ '7.30' ಬರೆದೆ. ಅದರ ಮೇಲಿನ ಸಾಲುಗಳನ್ನು ಕೆಳಗಿನಿಂದ ತುಂಬುತ್ತಾ ಹೋದೆ. 7.00, ಕೋಟು ಕೊಡುವ ಸಾಲು. 6.30, ರೂಮು ಬಿಡುವುದು. 5.30, ತಿಂಡಿ. 3ರಿಂದ 5, ನಿದ್ದೆ. ಹೀಗೆ ಬರೆಯುತ್ತಾ ಬಂದರೆ ಇಡೀ ಶನಿವಾರದಲ್ಲಿ ಊರು ನೋಡೋಕೆ ಉಳಿದದ್ದು ಬೆಳಗಿನ ಮೂರು ಗಂಟೆ ಅಷ್ಟೆ. ನೋಡಿ ಹೊಟ್ಟೆ ಉರಿಯಿತು. ಆದರೆ ಬದಲಾಯಿಸಲಿಲ್ಲ.

ಒಂದು ವಿಷಯ ಮಾತ್ರ ಹೊಸಬರು ಎಡವುವ ಜಾಗ, ಅದಕ್ಕೇ ಹೇಳುತ್ತೇನೆ. ಮ್ಯೂಸಿಕ್‌ಫೆರೈನ್ ಅಂದರೆ ಎಲ್ಲರಿಗೂ ನೆನಪಾಗುವುದು ಹೊಸವರ್ಷದ ಕಚೇರಿ, ವಿಯೆನ್ನಾ ಫಿಲ್‌ಹಾರ್ಮೋನಿಕ್. ಆ ವಾದ್ಯವೃಂದದ ಚಂದಾ ಕಚೇರಿಗಳು ನಡೆಯುವುದು ಶನಿವಾರ ಮಧ್ಯಾಹ್ನ 3.30ಕ್ಕೆ, ಭಾನುವಾರ ಬೆಳಿಗ್ಗೆ 11ಕ್ಕೆ. ಟಿಕೆಟ್ಟು ಚಂದಾದಾರರ ಕೈಯಲ್ಲೇ ಇರುತ್ತೆ. ಸಂಜೆಗೆ ಬೇಕೆಂದರೆ ಊರಿನ ಬೇರೆ ವಾದ್ಯವೃಂದಗಳಿವೆ, ಹೊರಗಿನಿಂದ ಬರುವವರೂ ಇದ್ದಾರೆ. ಕೇಳೋಕೆ ಏನೇನೂ ಕಡಿಮೆಯಿಲ್ಲ. ಇನ್ನು ಆಪೆರಾದ ಸುತ್ತಮುತ್ತ ಬಿಳಿ ವಿಗ್ಗು, ಕೆಂಪು ಕೋಟು ಹಾಕಿಕೊಂಡು 'ಮೊಜಾರ್ಟ್, ಮೊಜಾರ್ಟ್' ಅಂತ ಟಿಕೆಟ್ ಮಾರುವ ಹುಡುಗರಿರುತ್ತಾರೆ. ಅವರು ಕೊಡುವುದೂ ಸಂಗೀತವೇ, ಸುಳ್ಳಲ್ಲ. ಆದರೆ ಅದು ಎಲ್ಲ ರಾಗಗಳನ್ನೂ ಐದೈದು ನಿಮಿಷ ಕೇಳಿಸುವ ಕಚೇರಿ. ನಿಮಗೆ ಅದೇ ಇಷ್ಟವಾದರೆ ತೊಂದರೆಯಿಲ್ಲ. ಸಭಾಂಗಣದ ಪಟ್ಟಿಯನ್ನೇ ನೋಡಿ ಕೊಂಡರೆ ಎಚ್ಚರವಾಗಿರೋಕೆ ಒಂದು ಕಾರಣ ಜಾಸ್ತಿ ಸಿಗುತ್ತೆ.

ನನಗೆ ಸಿಕ್ಕಿದ್ದು ಬ್ರಾಮ್ಸ್‌ನ ನಾಲ್ಕನೇ ಸಿಂಫನಿ ಇದ್ದ ಸಂಜೆ. ಬಾಲ್ಕನಿಯ ಪಕ್ಕದ ಸಾಲು, ಅರ್ಧ ವೇದಿಕೆ ಮಾತ್ರ ಕಾಣುವ ಸೀಟು, ಅದಕ್ಕೇ ಅಗ್ಗ. ರೂಮು ವೀಡೆನ್‌ನಲ್ಲಿ, ಸಭಾಂಗಣಕ್ಕೆ ನಡೆದೇ ಹೋಗುವಷ್ಟು ಹತ್ತಿರ. ಊರಾಚೆ ಇನ್ನೂ ಅಗ್ಗದ ರೂಮುಗಳಿದ್ದವು. ಆದರೆ ಮಧ್ಯಾಹ್ನ ವಾಪಸ್ ಬಂದು ಮಲಗಬೇಕಾದರೆ ರೂಮು ಹತ್ತಿರವೇ ಇರಬೇಕು. ಮಧ್ಯಾಹ್ನದ ನಿದ್ದೆಗೆ ಯೂರೋ ಲೆಕ್ಕದಲ್ಲಿ ದುಡ್ಡು ಕೊಟ್ಟೆ ಅಂದರೆ ನಗಬೇಡಿ.

ಶುಕ್ರವಾರ ಸಂಜೆಯ ರೈಲಿನಲ್ಲಿ ಅಪ್ಪ ಒಂದು ಪ್ರಶ್ನೆ ಕೇಳಿದರು. 'ಇದೆಲ್ಲ ಯೂಟ್ಯೂಬಲ್ಲಿ ಸಿಗುತ್ತಲ್ಲಮ್ಮಾ, ಅಷ್ಟು ದೂರ ಯಾಕೆ?' ಅಂತ. ಆಮೇಲೆ ತಾವೇ ಉದಾಹರಣೆ ಕೊಟ್ಟರು. ನಮ್ಮ ಜಯಚಾಮರಾಜ ಒಡೆಯರ್ ಇದ್ದರಲ್ಲ, ಜರ್ಮನಿಯ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳ ಮೊದಲ ಕಚೇರಿಗೆ ದುಡ್ಡಿನ ಜವಾಬ್ದಾರಿ ಹೊತ್ತವರು ಅವರೇ. 1950ರ ಮೇ 22, ಲಂಡನ್ನಿನ ಆಲ್ಬರ್ಟ್ ಹಾಲ್. ಫುರ್ಟ್‌ವೆಂಗ್ಲರ್ ವಾದ್ಯವೃಂದ ನಡೆಸಿದರು, ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ಮಹಾರಾಜರು ಹೋಗಲಿಲ್ಲ. ರೆಕಾರ್ಡ್ ಮಾಡಿಸಿ ಮೈಸೂರಿಗೆ ತರಿಸಿಕೊಂಡರು. 'ಅವರೇ ಮನೇಲಿ ಕೂತು ಕೇಳಿದ್ರು' ಅಂದರು ಅಪ್ಪ. ನಾನು, 'ಅವರ ಮನೆ ಅಂಬಾವಿಲಾಸ ಅಪ್ಪಾ, ನಮ್ಮದು ಎರಡು ರೂಮಿನ ಫ್ಲಾಟು' ಅಂದೆ. ಅದು ಉತ್ತರ ಅಲ್ಲ ಅಂತ ನನಗೂ ಗೊತ್ತಿತ್ತು.

ಸ್ಮಶಾನ, ಸ್ನಾನ, ನಿದ್ದೆ

ಬೆಳಗಿನ ಮೂರು ಗಂಟೆಗೆ ಒಂದೇ ಜಾಗ. ಏನು ಅಂತ ಅಪ್ಪನೇ ಆರಿಸಲಿ ಅಂದೆ. ಅರಮನೆ ಬೇಡ, ಮೈಸೂರಿನವರಿಗೆ ಅರಮನೆ ತೋರಿಸ್ತೀಯಾ ಅಂದರು. ಮ್ಯೂಸಿಯಂನಲ್ಲಿ ಮಂಡಿ ನೋವು. ಕೊನೆಗೆ, 'ಸಂಜೆ ಯಾರದ್ದು ಕೇಳ್ತೀವೋ ಅವರದ್ದೇ ಏನಾದ್ರೂ ಇದೆಯಾ?' ಅಂತ ಕೇಳಿದರು. ಇದೆ, ಸಮಾಧಿ.

71ನೇ ನಂಬರಿನ ಟ್ರಾಮ್ ಹತ್ತಿದೆವು. ವಿಯೆನ್ನಾದವರು ಯಾರಾದರೂ ಸತ್ತರೆ '71 ಹತ್ತಿದ' ಅನ್ನುತ್ತಾರಂತೆ, ನಾವು ಟಿಕೆಟ್ ತಗೊಂಡರು ಅನ್ನೋ ಹಾಗೆ. ಆ ಟ್ರಾಮ್ ಸೆಂಟ್ರಲ್ ಸ್ಮಶಾನದ ಗೇಟುಗಳ ಮುಂದೆಯೇ ಹೋಗುತ್ತೆ. ಎರಡನೇ ಗೇಟಿನಲ್ಲಿ ಇಳಿದು ಸ್ವಲ್ಪ ನಡೆದರೆ ಎಡಗಡೆ 32ಎ ಅನ್ನುವ ಭಾಗ. ಸ್ಮಶಾನ ಶುರುವಾದದ್ದು 1874ರಲ್ಲಿ. ಊರಿಂದ ದೂರ ಅಂತ ಜನಕ್ಕೆ ಇಷ್ಟವಿರಲಿಲ್ಲ. ದೊಡ್ಡವರನ್ನು ತಂದರೆ ಜನ ಬರುತ್ತಾರೆ ಅಂತ ಗೌರವದ ಸಮಾಧಿಗಳನ್ನು ಮಾಡಿದರು. ಬೀಥೋವನ್, ಶೂಬರ್ಟ್ ಇಬ್ಬರನ್ನೂ 1888ರಲ್ಲಿ ಬೇರೆ ಸ್ಮಶಾನದಿಂದ ಇಲ್ಲಿಗೆ ಸಾಗಿಸಿದರು. ಬ್ರಾಮ್ಸ್ ಕಲ್ಲಿನಲ್ಲಿ ತಲೆಗೆ ಕೈ ಕೊಟ್ಟು ಕೂತಿದ್ದಾನೆ, ಮುಂದೆ ಸ್ವರಲಿಪಿಯ ಹಾಳೆ. ಗಡ್ಡದ ಮೇಲೆ ಅವತ್ತು ಹಿಮ ಕೂತಿತ್ತು. ಪಕ್ಕದಲ್ಲೇ ವಾಲ್ಟ್ಸ್‌ಗಳ ರಾಜ ಯೋಹಾನ್ ಸ್ಟ್ರಾಸ್. ಬದುಕಿದ್ದಾಗಲೂ ಗೆಳೆಯರು. ಅಪ್ಪ ಚಪ್ಪಲಿ ಬಿಡೋಕೆ ಅಂತ ಬಗ್ಗಿದವರು, ಶೂ ಅಂತ ನೆನಪಾಗಿ ಎದ್ದು, ಟೋಪಿ ತೆಗೆದು ಕೈ ಮುಗಿದರು.

ವಾಪಸ್ ಟ್ರಾಮಿಗೆ ಕಾಯುವಾಗ ಶುರುವಾಯಿತು. 'ಸ್ಮಶಾನಕ್ಕೆ ಹೋಗಿ ಬಂದು ಸ್ನಾನ ಮಾಡದೆ ಕಚೇರಿಗೆ ಹೋಗೋದಾ? ಅದೆಲ್ಲ ಆಗಲ್ಲ.' ಪಾರ್ಕ್ ಇದ್ದ ಹಾಗಿದೆ ಅಪ್ಪಾ, ಮಕ್ಕಳು ಸೈಕಲ್ ಹೊಡೀತಿದ್ದಾರೆ ಅಂದೆ. 'ಪಾರ್ಕಲ್ಲಿ ಬೀಥೋವನ್ನನ್ನ ಹೂತಿರ್ತಾರಾ?' ಅಂದರು. ವಾದಕ್ಕೆ ಜಾಗವೇ ಇಲ್ಲ. ಸೀದಾ ರೂಮಿಗೆ ಬಂದು ಇಬ್ಬರೂ ಬಿಸಿನೀರು ಸ್ನಾನ ಮಾಡಿದೆವು. ಚಳಿಯಿಂದ ಬಂದು ಬಿಸಿನೀರು ಹೊಯ್ದುಕೊಂಡರೆ ಏನಾಗುತ್ತೆ? ಮೂರಕ್ಕೆ ಮಲಗಿದವರು ಐದೂಕಾಲಿಗೆ ಎದ್ದೆವು. ನನ್ನ ಶೀಟು ನಾಲ್ಕು ವರ್ಷದಿಂದ ಹುಡುಕುತ್ತಿದ್ದ ದಾರಿ ಅಪ್ಪನ ಮಡಿಯಲ್ಲಿ ಸಿಕ್ಕಿತು ನೋಡಿ. ಆಮೇಲೆ ಡಬ್ಬಿಯಲ್ಲಿದ್ದ ಚಪಾತಿ, ಚಟ್ನಿಪುಡಿ. ಕಚೇರಿ ಬಿಟ್ಟ ಮೇಲೆ ಸಸ್ಯಾಹಾರಿಗಳಿಗೆ ಊಟ ಸಿಗುವುದು ಕಷ್ಟ, ಆ ಹೊತ್ತಿಗೆ ಬಹಳ ಕಡೆ ಅಡುಗೆಮನೆ ಮುಚ್ಚಿರುತ್ತೆ. ಆಪೆರಾದ ಹಿಂದಿನ ಸಾಸೇಜ್ ಅಂಗಡಿ ಮಾತ್ರ ಜಗಜಗಿಸುತ್ತಿರುತ್ತೆ, ಅದು ನಮಗಲ್ಲ.

ಮೂರು ಜನ ಸುಮ್ನೆ ಕೂತಿದ್ದರು

ಸಭಾಂಗಣ 1870ರ ಜನವರಿಯದ್ದು. ಕಟ್ಟಿದವನು ಥಿಯೋಫಿಲ್ ಹಾನ್ಸೆನ್. ಸದ್ದು ಹೇಗೆ ಹರಿಯುತ್ತೆ ಅಂತ ಲೆಕ್ಕ ಹಾಕುವ ವಿದ್ಯೆ ಆಗಿನ್ನೂ ಬಂದಿರಲಿಲ್ಲ. ಆದರೂ ಉದ್ದನೆ ಪೆಟ್ಟಿಗೆಯ ಹಾಗಿರುವ ಆ ಜಾಗಕ್ಕೆ ಇವತ್ತಿಗೂ ಸಾಟಿ ಕಡಿಮೆ. ಮರದ ನೆಲದ ಕೆಳಗೆ ಟೊಳ್ಳು. ಒಳಚಾವಣಿ ಮೇಲಿನ ಮಾಡಿನಿಂದ ನೇತಾಡಿಕೊಂಡಿದೆ. ಗೋಡೆಯುದ್ದಕ್ಕೂ ಚಿನ್ನದ ಬಣ್ಣದ ಹೆಂಗಸರು ಸಾಲಾಗಿ ನಿಂತಿದ್ದಾರೆ, ಸದ್ದು ಅವರಿಗೆಲ್ಲ ತಾಗಿ ಚೆದುರುತ್ತೆ. ನಾನು ಇದನ್ನೆಲ್ಲ ಪಿಸುಗುಟ್ಟುತ್ತಿದ್ದರೆ ಅಪ್ಪ ಒಂದು ಸಲ ಮೇಲೆ ಕೆಳಗೆ ನೋಡಿ, 'ವೀಣೆ ಕೊಡದ ಒಳಗೆ ಕೂತಿದ್ದೀವಿ ಅನ್ನು' ಅಂದರು. ನನ್ನ ಐದು ವಾಕ್ಯ ಅಲ್ಲಿಗೆ ಮುಗಿಯಿತು.

ಮೊದಲರ್ಧ ಒಂದು ಪಿಯಾನೋ ಕನ್ಸರ್ಟೊ. ಚೆನ್ನಾಗಿತ್ತು. ಅಪ್ಪನಿಗೆ ಬಾಗಿಲು ಮುಚ್ಚಿಬಿಟ್ಟದ್ದೇ ದೊಡ್ಡ ವಿಚಿತ್ರ. ಎಂಟನೇ ಕ್ರಾಸಿನಲ್ಲಿ ವರ್ಣ ಮುಗಿದ ಮೇಲೂ ಬರಬಹುದು, ತನಿ ಆವರ್ತನಕ್ಕೆ ಎದ್ದು ಕಾಫಿಗೆ ಹೋಗಬಹುದು. ಇಲ್ಲಿ ಕೆಮ್ಮೋಕೂ ಜನ ಕಾಯುತ್ತಾರೆ, ಚಪ್ಪಾಳೆಗಂತೂ ಕೃತಿ ಪೂರ್ತಿ ಮುಗಿಯಬೇಕು. ಎರಡು ಭಾಗಗಳ ನಡುವಿನ ಮೌನದಲ್ಲಿ ಇಡೀ ಸಭಾಂಗಣ ಒಟ್ಟಿಗೆ ಕೆಮ್ಮಿತು. ಅಪ್ಪ ಗಾಬರಿಯಾದರು.

ಇಂಟರ್‌ವಲ್ ಆದ ಮೇಲೆ ಬ್ರಾಮ್ಸ್. ಮೊದಲ ಭಾಗ ಗುಡುಗಿನ ಹಾಗೆ ಮುಗಿಯುತ್ತೆ. ಮುಗಿದದ್ದೇ ತಡ, ನನ್ನ ಪಕ್ಕದಿಂದ 'ಭೇಷ್!' ಮತ್ತು ಎರಡು ಚಪ್ಪಾಳೆ. ಅಷ್ಟೆ, ಎರಡೇ. ಆ ವೀಣೆ ಕೊಡದಲ್ಲಿ ಎರಡು ಚಪ್ಪಾಳೆ ಎಷ್ಟು ಹೊತ್ತು ಉಳಿಯುತ್ತೆ ಅಂತ ನನಗೆ ಅವತ್ತು ಗೊತ್ತಾಯಿತು. ಮುಂದಿನ ಸಾಲಿನ ಹೆಂಗಸು ತಿರುಗಿದರು. ಅಪ್ಪ ಕೈಯನ್ನು ಹಾಗೇ ಜೋಡಿಸಿ ನಮಸ್ಕಾರ ಮಾಡಿಬಿಟ್ಟರು. ಆಕೆಗೆ ಏನನ್ನಿಸಿತೋ, ತಲೆ ಬಾಗಿಸಿ ತಿರುಗಿ ಕೂತರು.

ಮೂರನೇ ಭಾಗ ಶುರುವಾಗುವ ಮುಂಚೆ ಅಪ್ಪ ನನ್ನ ಕಿವಿಗೆ ಬಾಗಿದರು. 'ಆ ಮೂರು ಜನಕ್ಕೆ ಸಂಭಾವನೆ ಕೊಡ್ತಾರಾ?' ನಮಗೆ ಕಾಣುತ್ತಿದ್ದ ಅರ್ಧ ವೇದಿಕೆಯಲ್ಲಿ ಮೂರು ಟ್ರೊಂಬೋನ್‌ನವರಿದ್ದರು, ಉದ್ದನೆ ಹಿತ್ತಾಳೆ ಕಹಳೆಯವರು. ತೊಡೆ ಮೇಲೆ ವಾದ್ಯ ಇಟ್ಟುಕೊಂಡು ಸುಮ್ನೆ ಕೂತಿದ್ದರು. ಬ್ರಾಮ್ಸ್ ಅವರಿಗೆ ಮೊದಲ ಮೂರು ಭಾಗದಲ್ಲಿ ಒಂದೇ ಒಂದು ಸ್ವರ ಬರೆದಿಲ್ಲ. ಅವರಿಗೆ ಕೆಲಸ ನಾಲ್ಕನೆಯದರಲ್ಲಿ. ಅರ್ಧ ಗಂಟೆ ಕಾಯಬೇಕು, ತಣ್ಣಗಾದ ತುಟಿಯಿಂದ ಮೊದಲ ಸ್ವರವನ್ನೇ ಸರಿಯಾಗಿ ಹಿಡಿಯಬೇಕು. ನಾನು ನಾಲ್ಕು ವರ್ಷದ ಹಿಂದೆ ಆ ಕಂಬಿ ಹಿಡಿದು ನಿಂತಿದ್ದಾಗ ಸಿಂಬಲ್ಸ್‌ನವನೂ ಹೀಗೇ ಕಾದಿದ್ದ. ಅವನೂ ಕೂತೇ ಇದ್ದ, ಎಚ್ಚರವಾಗಿದ್ದ.

ನಾಲ್ಕನೆಯದು ಶುರುವಾಯಿತು. ಮೂವರೂ ವಾದ್ಯ ಎತ್ತಿದರು. ಅಪ್ಪ ನನ್ನ ಮೊಣಕೈ ಹಿಡಿದರು. ಈ ಭಾಗ ಕಟ್ಟಿರುವುದು ಅಳತೆಗೆ ಮೂರು ಎಣಿಕೆಯಂತೆ ಎಂಟು ಅಳತೆಯ ಒಂದು ಸಾಲಿನ ಮೇಲೆ, ಅದೇ ಸಾಲು ಮತ್ತೆ ಮತ್ತೆ ಬರುತ್ತೆ. ಪ್ರತಿ ಸಲವೂ ಮೇಲಿನ ಬಟ್ಟೆ ಬೇರೆ. ಮೂವತ್ತು ಸಲ ಬಟ್ಟೆ ಬದಲಾಗುತ್ತೆ. ನಾನು ಇದನ್ನು ಮೊದಲೇ ಹೇಳಿರಲಿಲ್ಲ. ಸುಮ್ನೆ ಅಪ್ಪನ ಕೈ ನೋಡುತ್ತಿದ್ದೆ. ಕೋಟಿನ ಅಂಚಿನಡಿ ಬೆರಳು ಮೂರು ಮೂರಾಗಿ ಆಡುತ್ತಿತ್ತು, ರೂಪಕ ಹಾಕುವ ಹಾಗೆ. ಸ್ವಲ್ಪ ಹೊತ್ತಿಗೆ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಹತ್ತತೊಡಗಿತು. ಒಂದು, ಎರಡು, ಮೂರು... ಎಂಟಕ್ಕೆ ಮತ್ತೆ ಮೊದಲಿಗೆ. ಇನ್ನೊಂದು ಸಲ ಎಂಟು. ಆವರ್ತ ಸಿಕ್ಕಿಬಿಟ್ಟಿತ್ತು. ಮಧ್ಯದಲ್ಲಿ ಒಂದು ಕಡೆ ಎಲ್ಲ ಇಳಿದು ಕೊಳಲು ಒಂದೇ ಉಳಿಯುತ್ತೆ. ಅಲ್ಲಿ ಬ್ರಾಮ್ಸ್ ಪ್ರತಿ ಅಳತೆಯನ್ನು ಎರಡರಷ್ಟು ಉದ್ದ ಮಾಡಿದ್ದಾನೆ. ಅಪ್ಪನ ಹೆಬ್ಬೆರಳು ತಡವರಿಸಿತು, ನಿಂತಿತು. ಹುಬ್ಬು ಗಂಟಾಯಿತು. ಕೊಳಲು ಅಷ್ಟು ಹೊತ್ತೂ ಒಂಟಿಯಾಗಿ ಉಸಿರು ಎಳೆದೆಳೆದು ನುಡಿಯುತ್ತಿತ್ತು. ಆಮೇಲೆ ಬಾಯಿ ಆಡಿತು, ಸದ್ದಿಲ್ಲದೆ: 'ಎರಡು ಕಳೆ.' ತಾಳದ ಪ್ರತಿ ಎಣಿಕೆಯನ್ನೂ ಇಮ್ಮಡಿ ಮಾಡುವುದಕ್ಕೆ ನಮ್ಮ ಕಚೇರಿಗಳಲ್ಲಿ ಅನ್ನುವ ಮಾತು. ಬೆರಳು ಮತ್ತೆ ಹೊರಟಿತು, ಅರ್ಧ ವೇಗದಲ್ಲಿ.

ರೈಲಿನಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇದಾ? ಇರಬಹುದು. ಮನೆಯಲ್ಲಿ ಯೂಟ್ಯೂಬಿನಲ್ಲಿ ಆ ಕೊಳಲು ಬರುವ ಹೊತ್ತಿಗೆ ಕುಕ್ಕರ್ ಕೂಗಿರುತ್ತೆ, ಅಪ್ಪ ಗ್ಯಾಸ್ ಆರಿಸೋಕೆ ಎದ್ದಿರುತ್ತಾರೆ.

ವಾಪಸ್ ಬರುವ ದಾರಿ ರೆಸೆಲ್ ಪಾರ್ಕಿನಲ್ಲಿ. ಅಲ್ಲೂ ಬ್ರಾಮ್ಸ್‌ನ ಒಂದು ಪ್ರತಿಮೆ ಇದೆ. ಅವನು ಕೊನೆಯವರೆಗೆ ಇದ್ದದ್ದು ಪಕ್ಕದ ಕಾರ್ಲ್ಸ್‌ಗಾಸೆಯ 4ನೇ ನಂಬರಿನಲ್ಲಿ. ಆ ಮನೆ ಈಗಿಲ್ಲ. ಅಲ್ಲಿ ನಿಂತು ಅಪ್ಪನಿಗೆ ಒಂದು ಕಥೆ ಹೇಳಿದೆ. 1897ರ ಮಾರ್ಚ್ 7ರಂದು ಇದೇ ಸಭಾಂಗಣದಲ್ಲಿ ಇದೇ ನಾಲ್ಕನೇ ಸಿಂಫನಿ ನುಡಿಸಿದರು. ಕಾಯಿಲೆಯಿಂದ ಸೊರಗಿದ್ದ ಬ್ರಾಮ್ಸ್ ಬಂದಿದ್ದ. ಅವನು ಕೇಳಿದ ಕೊನೆಯ ಕಚೇರಿಗಳಲ್ಲಿ ಅದೊಂದು. ಒಂದೊಂದು ಭಾಗ ಮುಗಿದಾಗಲೂ ಜನ ಚಪ್ಪಾಳೆ ತಟ್ಟಿದರು, ನಿಲ್ಲಿಸಲೇ ಇಲ್ಲ. ಏಪ್ರಿಲ್ 3ಕ್ಕೆ ತೀರಿಕೊಂಡ.

'ಪ್ರತಿ ಭಾಗಕ್ಕೂ ತಟ್ಟಿದ್ರಾ?'

'ಪ್ರತಿ ಭಾಗಕ್ಕೂ.'

'ಮತ್ತೆ ನನ್ನ ತೋಳು ಯಾಕೆ ಜಗ್ಗಿದೆ?'

ಭಾನುವಾರ ಮಧ್ಯಾಹ್ನದ ರೈಲಿನಲ್ಲಿ ಕಿಟಕಿ ಸೀಟು ಅಪ್ಪನಿಗೆ. ಸಾಲ್ಜ್‌ಬರ್ಗ್‌ನ ಗುಡ್ಡಗಳು ಬರುತ್ತವೆ, ಎಚ್ಚರವಾಗಿರಿ, ಕೋಟೆ ಕಾಣುತ್ತೆ ಅಂತ ಎರಡು ಸಲ ಹೇಳಿದ್ದೆ. ಲಿಂಟ್ಸ್ ದಾಟಿದ್ದು ನೆನಪಿದೆ. ಆಮೇಲೆ ಟಿಕೆಟ್ ಕೇಳುವವರು ಬಂದು ಭುಜ ತಟ್ಟಿದಾಗ ಜರ್ಮನಿಯೊಳಗೆ ಎಷ್ಟೋ ದೂರ ಬಂದಾಗಿತ್ತು. ಇಬ್ಬರೂ ಗೊರಕೆ ಹೊಡೆಯುತ್ತಿದ್ದೆವಂತೆ, ಎದುರಿನ ಸೀಟಿನ ಮಗು ಅಪ್ಪನನ್ನೇ ನೋಡುತ್ತಿತ್ತು.